ಬಂದರಿಗೆ ಹೋಗುವ ರೈಲು ಯಾರದ್ದು? ಹಾಸನದ ಘಾಟಿಯಿಂದ ಮೊಜಾಂಬಿಕ್‌ವರೆಗೆ ಒಂದು ಲೆಕ್ಕ

ಕಳೆದ ಮಳೆಗಾಲ ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಮಂಗಳೂರಿಗೆ ಹೊರಟಿದ್ದೆ. ನಮ್ಮದು ಹಿರೀಸಾವೆ ಹೋಬಳಿ. ಚನ್ನರಾಯಪಟ್ಟಣಕ್ಕೆ ಹೋಗಿ ಹಗಲಿನ ರೈಲು ಹತ್ತಿದೆವು. ಹಾಸನ ದಾಟಿತು, ಸಕಲೇಶಪುರ ಬಂತು, ಅಲ್ಲಿ ರೈಲು ನಿಂತಿದ್ದು ನಿಂತೇ ಬಿಟ್ಟಿತು. ಸುಮಾರು ಹೊತ್ತಾದ ಮೇಲೆ ಘಾಟಿಯ ಕಡೆಯಿಂದ ಗೂಡ್ಸ್ ಗಾಡಿಯೊಂದು ಏದುಸಿರು ಬಿಡುತ್ತಾ ಬಂತು. ಮುಂದೆ ಎಂಜಿನ್‌ಗಳು, ಹಿಂದೆ ತಳ್ಳೋಕೆ ಮತ್ತೆ ಎಂಜಿನ್‌ಗಳು, ನಡುವೆ ಕಪ್ಪು ಕಲ್ಲಿದ್ದಲು ತುಂಬಿದ ತೆರೆದ ವ್ಯಾಗನ್ನುಗಳು. ಅಪ್ಪ ಕಿಟಕಿಯಲ್ಲಿ ಕೂತು ಎಣಿಸುತ್ತಾ ಹೋದರು. ಐವತ್ತು ದಾಟಿದ ಮೇಲೆ ಎಣಿಸೋದು ಬಿಟ್ಟು ಕೇಳಿದರು: "ಅಲ್ಲ ಕಣ್ಲಾ, ಇಷ್ಟುದ್ದ ಗಾಡಿ ಓಡುಸ್ತಾರಲ್ಲ, ಇದ್ರಾಗೆ ನಮ್ ಕಾಯಿ ಹೋಗ್ತದಾ?"

ಇಲ್ಲ ಅಂದೆ. "ಯಾಕೆ ಹೋಗಲ್ಲ?" ಅಂದರು. ಎಂಜಿನಿಯರಿಂಗ್ ಓದಿದವನು, ಈಗ ಪತ್ರಕರ್ತ ಬೇರೆ. ಆದರೂ ಆ ಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಲೇಖನ ಅಪ್ಪನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಪ್ರಶ್ನೆ ಸಣ್ಣದಲ್ಲ. ಗಣಿಯಿಂದ ಬಂದರಿಗೆ ಅಥವಾ ಬಂದರಿನಿಂದ ಕಾರ್ಖಾನೆಗೆ ರೈಲು ಹಾಕುವಾಗಲೆಲ್ಲ ಸರ್ಕಾರಗಳು ಹೇಳುವುದು ಒಂದೇ ಮಾತು: "ಇದು ಈ ಭಾಗದ ಅಭಿವೃದ್ಧಿ." ಹಾಸನದಲ್ಲೂ ಹೇಳಿದರು, ಗೋವಾದಲ್ಲೂ ಹೇಳಿದರು, ಆಫ್ರಿಕಾದ ಮೊಜಾಂಬಿಕ್‌ನಲ್ಲೂ ಹೇಳಿದರು. ಹಳಿ ಬಂದ ಮಾತ್ರಕ್ಕೆ ಆ ಮಾತು ನಿಜವಾಗುವುದಿಲ್ಲ. ಆ ಹಳಿಯ ಮೇಲೆ ಬೇರೆ ಏನು ಓಡುತ್ತದೆ, ಯಾರ ವೇಳಾಪಟ್ಟಿಯಲ್ಲಿ ಓಡುತ್ತದೆ, ಮುಖ್ಯ ಸರಕು ನಿಂತ ದಿನ ನಷ್ಟ ಯಾರ ತಲೆಗೆ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಸ್ವಲ್ಪ ಎಂಜಿನಿಯರಿಂಗ್

ಕಲ್ಲಿದ್ದಲು, ಅದಿರು ಇವೆಲ್ಲ ತೂಕ ಜಾಸ್ತಿ, ಕೆಜಿ ಲೆಕ್ಕದಲ್ಲಿ ಬೆಲೆ ಕಡಿಮೆ ಇರುವ ಸರಕು. ಚಿನ್ನವನ್ನು ವಿಮಾನದಲ್ಲಿ ಕಳಿಸಬಹುದು. ಕಲ್ಲಿದ್ದಲನ್ನು ಲಾರಿಯಲ್ಲಿ ನೂರಾರು ಕಿಲೋಮೀಟರ್ ಸಾಗಿಸಿದರೆ ಬಾಡಿಗೆಯೇ ಸರಕಿನ ಬೆಲೆಯನ್ನು ತಿಂದುಹಾಕುತ್ತದೆ. ಹಾಗಾಗಿ ನೆಲದಡಿಯ ಕಲ್ಲಿದ್ದಲಿಗೆ ಬೆಲೆ ಬರುವುದು ಗಣಿ, ರೈಲು, ಬಂದರು ಈ ಮೂರೂ ಸೇರಿದಾಗ. ಮೂರರಲ್ಲಿ ಯಾವುದು ಕಿರಿದೋ ಅಷ್ಟೇ ಸರಕು ಹೊರಗೆ ಹೋಗುತ್ತದೆ. ವರ್ಷಕ್ಕೆ ಒಂದು ಕೋಟಿ ಟನ್ ಅಗೆಯುವ ಗಣಿ ಇದ್ದು, ರೈಲಿನ ಸಾಮರ್ಥ್ಯ ಮೂವತ್ತು ಲಕ್ಷ ಟನ್ ಆದರೆ, ಉಳಿದ ಎಪ್ಪತ್ತು ಲಕ್ಷ ಟನ್ ಕಾಗದದ ಮೇಲಿನ ಸಂಪತ್ತು ಅಷ್ಟೆ.

ಇನ್ನು ನಮ್ಮ ಘಾಟಿಯ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿ.ಮೀ. ಅಷ್ಟರಲ್ಲಿ 57 ಸುರಂಗಗಳಿವೆ, ಹೆಜ್ಜೆ ಹೆಜ್ಜೆಗೆ ಸೇತುವೆ, ತಿರುವು. ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕೇಳಿದರೆ ಏನೂ ಅನಿಸುವುದಿಲ್ಲ, ಬೈಕಿನಲ್ಲಿ ಗೊತ್ತೂ ಆಗುವುದಿಲ್ಲ. ರೈಲಿಗೆ ಮಾತ್ರ ಇದು ಗೋಡೆ ಹತ್ತಿದ ಹಾಗೆ.

ಲೆಕ್ಕ ನೋಡಿ. ಗೂಡ್ಸ್ ಗಾಡಿಯ ಒಂದು ಪೂರ್ತಿ ಸೆಟ್‌ಗೆ ರೇಕ್ ಅನ್ನುತ್ತಾರೆ. ಕಲ್ಲಿದ್ದಲಿನ ರೇಕ್ ಅಂದರೆ 58-59 ವ್ಯಾಗನ್, ಒಳಗಿನ ಸರಕು 3,500ರಿಂದ 4,000 ಟನ್, ವ್ಯಾಗನ್ ತೂಕವೂ ಸೇರಿದರೆ 5,000 ಟನ್ ಆಸುಪಾಸು. ಸಮತಟ್ಟಾದ ಹಳಿಯಲ್ಲಿ ಇದನ್ನು ನಿಧಾನಕ್ಕೆ ಎಳೆದುಕೊಂಡು ಹೋಗಲು ಹತ್ತು ಟನ್ ಆಸುಪಾಸಿನ ಬಲ ಸಾಕು. ರೈಲಿನ ಜಾದೂ ಅದೇ. 50ಕ್ಕೆ 1 ಏರಿನಲ್ಲಿ ಗಾಡಿಯ ತೂಕವೇ ಅದನ್ನು ನೂರು ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹತ್ತು ಪಟ್ಟು! ಅದಕ್ಕೇ ಮುಂದೆ ಹಿಂದೆ ಅಷ್ಟೊಂದು ಎಂಜಿನ್. ಹಿಂದಿನಿಂದ ತಳ್ಳುವುದಕ್ಕೆ ರೈಲ್ವೆಯವರು ಬ್ಯಾಂಕರ್ ಅನ್ನುತ್ತಾರೆ.

ಇಳಿಯುವ ಗಾಡಿಗೆ ಬೇರೆ ತಲೆನೋವು. ಅದಕ್ಕೆ ಬೇಕಾದದ್ದು ಎಳೆಯುವ ಬಲ ಅಲ್ಲ, ಹಿಡಿದು ನಿಲ್ಲಿಸುವ ಬ್ರೇಕ್. ಇದಿಷ್ಟೂ ನಡೆಯುವುದು ಒಂಟಿ ಹಳಿಯ ಮೇಲೆ. ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಶಿರಿಬಾಗಿಲು ಇಂಥ ನಿಲ್ದಾಣಗಳಲ್ಲಿ ಮಾತ್ರ ಎರಡು ಗಾಡಿಗಳು ಪರಸ್ಪರ ದಾಟಬಹುದು. ಎರಡು ನಿಲ್ದಾಣಗಳ ನಡುವೆ ಒಂದು ಗಾಡಿ ಹೊಕ್ಕಿತು ಅಂದರೆ ಅದು ಹೊರಬರುವವರೆಗೆ ಬೇರೆಯದಕ್ಕೆ ಜಾಗ ಇಲ್ಲ. ಭಾರದ ಗೂಡ್ಸ್ ಗಾಡಿ ತೆವಳುತ್ತಾ ಬರುವಾಗ ಅಪ್ಪ ಮತ್ತು ನಾನು ಸಕಲೇಶಪುರದಲ್ಲಿ ಕಾಯ್ತಾ ಕೂತಿದ್ದು ಇದಕ್ಕೇ. ನೀವು ಈ ಮಾರ್ಗದಲ್ಲಿ ಇನ್ನೊಂದು ರೈಲು ಬೇಕು ಅಂತ ಕೇಳಿದಾಗ "ಘಾಟಿಯಲ್ಲಿ ಸಾಮರ್ಥ್ಯ ಇಲ್ಲ" ಅನ್ನುವ ಉತ್ತರ ಬರುತ್ತದಲ್ಲ, ಅದರ ಅರ್ಥವೂ ಇದೇ. ಇರುವ ಸಾಮರ್ಥ್ಯವನ್ನು ಯಾರಿಗೆ ಎಷ್ಟು ಹಂಚಬೇಕು ಎನ್ನುವುದು ಮಾತ್ರ ಎಂಜಿನಿಯರಿಂಗ್ ಪ್ರಶ್ನೆ ಅಲ್ಲ, ಅದು ರಾಜಕೀಯ.

ಮೊದಲು ಅದಿರು, ಆಮೇಲೆ ಜನ

ನವ ಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಬಂದರು ಕಟ್ಟಿದರೆ ಸಾಲದು, ಘಟ್ಟದ ಮೇಲಿನ ನಾಡಿನಿಂದ ಅದಕ್ಕೆ ದಾರಿ ಬೇಕು. ಹಾಸನ-ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ತಿಯಾಯಿತು.

ಅದೇ ಕಾಲದಲ್ಲಿ ಪಕ್ಕದಲ್ಲೇ ಇನ್ನೊಂದು ಪ್ರಯೋಗ ನಡೆದಿತ್ತು, ಅದೇ ಕುದುರೆಮುಖ. ಅಲ್ಲಿ ರೈಲು ಕೂಡ ಬೇಡ ಅಂದುಕೊಂಡರು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಅದಿರನ್ನೂ ತಾನೇ ಕೊಳ್ಳುವುದು ಅಂತ ಒಪ್ಪಂದ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಅದಿರು ಕೊಳ್ಳುವವನೇ ಇಲ್ಲವಾದ. ಹೊಸ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ಎರಡೂವರೆ ದಶಕ ನಡೆಯಿತು. ಭದ್ರಾ ನದಿ ಮತ್ತು ಕಾಡಿನ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ರೈಲಿನಲ್ಲಾದರೆ ಅದಿರು ನಿಂತ ಮೇಲೂ ಜನ ಓಡಾಡಬಹುದು. ಕೊಳವೆಯಲ್ಲಿ ಏನು ಮಾಡೋದು? ಒಂದೇ ಸರಕಿಗೆ ಕಟ್ಟಿದ ವ್ಯವಸ್ಥೆಗೆ ಕುದುರೆಮುಖಕ್ಕಿಂತ ಶುದ್ಧ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ.

ರೈಲಿಗೆ ಮರಳೋಣ. 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಘಾಟಿ ಮಾರ್ಗ ಮುಚ್ಚಿದರು. ಹೊಳೆನರಸೀಪುರದ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದ ಕಾಲ ಅದು. ಶ್ರವಣಬೆಳಗೊಳದ ಮೇಲೆ ಹಾಸನ-ಬೆಂಗಳೂರು ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದೂ ಅದೇ ಹೊತ್ತಿನಲ್ಲಿ. ಆದರೆ ಕೆಲಸ ಕುಂಟಿತು. 2003ರಲ್ಲಿ ಹಾಸನ-ಮಂಗಳೂರು ರೈಲು ಅಭಿವೃದ್ಧಿ ನಿಗಮ ಅನ್ನುವ ಪ್ರತ್ಯೇಕ ಕಂಪನಿ ಹುಟ್ಟಿತು. ರೈಲ್ವೆ ಸಚಿವಾಲಯ ಮತ್ತು ರಾಜ್ಯ ಸರ್ಕಾರ ಮುಖ್ಯ ಪಾಲುದಾರರು, ಜೊತೆಗೆ ಒಂದು ಖಾಸಗಿ ಅದಿರು ಕಂಪನಿಯ ಪಾಲೂ ಇತ್ತು. ಚೀನಾಕ್ಕೆ ಎಷ್ಟು ಅದಿರು ಕಳಿಸಿದರೂ ಸಾಲದು ಅನ್ನುತ್ತಿದ್ದ ಕಾಲ ಅದು. ಬಳ್ಳಾರಿ, ಚಿತ್ರದುರ್ಗದ ಕಡೆಯ ಅದಿರು ಅರಸೀಕೆರೆ, ಹಾಸನದ ಮೇಲೆ ಬಂದರಿಗೆ ಇಳಿಯಬೇಕಿತ್ತು. ಆ ಸಾಗಣೆಯ ವರಮಾನವೇ ಯೋಜನೆಯ ಲೆಕ್ಕಾಚಾರದ ಬೆನ್ನೆಲುಬು.

2006ರ ಮೇನಲ್ಲಿ ಗೂಡ್ಸ್ ಗಾಡಿಗಳು ಘಾಟಿ ಇಳಿಯತೊಡಗಿದವು. ಪ್ರಯಾಣಿಕರ ರೈಲು ಬಂದಿದ್ದು 2007ರ ಡಿಸೆಂಬರಿನಲ್ಲಿ. ಅಂದರೆ 1996ರಿಂದ ಹನ್ನೊಂದು ವರ್ಷ ಜನ ರೈಲಿಲ್ಲದೆ ಬಸ್ಸಿನಲ್ಲಿ ಶಿರಾಡಿ ಇಳಿದರು. ಹಳಿ ಸಿದ್ಧವಾದ ಮೇಲೂ ಅದಿರಿಗಿಂತ ಒಂದೂವರೆ ವರ್ಷ ಹೆಚ್ಚು ಕಾದರು. ಜನರನ್ನು ಕೂರಿಸಿಕೊಂಡು ಓಡಿಸಲು ಸುರಕ್ಷತೆಯ ನಿಯಮ ಬಿಗಿ ಇರುತ್ತದೆ, ಇರಲೇಬೇಕು. ಆದರೂ ಯಾವುದಕ್ಕೆ ಅವಸರ ಇತ್ತು, ಯಾವುದಕ್ಕೆ ಇರಲಿಲ್ಲ ಅನ್ನುವುದು ಈ ಎರಡು ತಾರೀಕುಗಳಲ್ಲಿ ಕಾಣುತ್ತದೆ.

ಆಮೇಲೆ ಬೆನ್ನೆಲುಬೇ ಮುರಿಯಿತು. ಅಕ್ರಮ ಗಣಿಗಾರಿಕೆಯ ಗದ್ದಲದ ನಡುವೆ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಬಳ್ಳಾರಿಯ ಗಣಿಗಾರಿಕೆಯನ್ನೂ, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿನದ್ದನ್ನೂ ಸುಪ್ರೀಂ ಕೋರ್ಟ್ ನಿಲ್ಲಿಸಿತು. ರಫ್ತಿನ ಮೇಲಿನ ನಿರ್ಬಂಧ ತೆರವಾಗಿದ್ದು 2022ರ ಮೇನಲ್ಲಿ. ನಿಷೇಧ ಸರಿಯಾಗಿಯೇ ಇತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದಿರನ್ನೇ ನಂಬಿ ಹಾಕಿದ ಹಳಿ, ಅದಿರಿನ ಲೂಟಿಗೆ ಬಿದ್ದ ಏಟನ್ನೂ ತಿಂದಿತು. ಇವತ್ತು ಇದೇ ಹಳಿಯ ಮೇಲೆ ಬಂದರಿನಿಂದ ಆಮದು ಕಲ್ಲಿದ್ದಲು ಘಟ್ಟ ಹತ್ತುತ್ತದೆ. ದಿಕ್ಕು ಬದಲಾಗಿದೆ, ಸರಕು ಬದಲಾಗಿದೆ. ಹಳಿ ಯಾರಿಗೋಸ್ಕರ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ.

ಕಲ್ಲಿದ್ದಲು ಹೊರಡುವ ತುದಿಯಲ್ಲಿ ಏನಾಯಿತು?

ಕಬ್ಬಿಣದ ಅದಿರನ್ನು ಉಕ್ಕು ಮಾಡಲು ಕೋಕಿಂಗ್ ಕಲ್ಲಿದ್ದಲು ಬೇಕು. ಭಾರತ ಅದರ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ಹೆಚ್ಚಿನದ್ದು ಆಸ್ಟ್ರೇಲಿಯಾದ್ದು. ಭಾರತಕ್ಕೆ ಮಾರುವ ದೇಶಗಳಲ್ಲಿ ಮೊಜಾಂಬಿಕ್ ಕೂಡ ಒಂದು. ನಮ್ಮ ಘಾಟಿಯ ಕಥೆಯನ್ನು ನೂರು ಪಟ್ಟು ಹಿಗ್ಗಿಸಿದರೆ ಅಲ್ಲಿಯ ಕಥೆ ಸಿಗುತ್ತದೆ.

ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ ಮೊವಾಟಿಜೆ ಅಂತ ಊರು. ಅದರ ಸುತ್ತ ನೆಲದಡಿ ಒಳ್ಳೆಯ ಕೋಕಿಂಗ್ ಕಲ್ಲಿದ್ದಲಿದೆ. ಸಮುದ್ರ ಮಾತ್ರ ಬಹಳ ದೂರ. ಇದ್ದದ್ದು ಬೈರಾ ಬಂದರಿಗೆ ಹೋಗುವ ಹಳೆಯ ಸೆನಾ ಮಾರ್ಗ, ಅದು ಅಂತರ್ಯುದ್ಧದಲ್ಲಿ ಹಾಳಾಗಿತ್ತು. ಅದನ್ನು ದುರಸ್ತಿ ಮಾಡಿ ನಡೆಸುವ ಗುತ್ತಿಗೆ 2004ರಲ್ಲಿ ಸಿಕ್ಕಿದ್ದು ಯಾರಿಗೆ ಗೊತ್ತಾ? ನಮ್ಮ ರೈಲ್ವೆಯದ್ದೇ ಸಂಸ್ಥೆಗಳಾದ ರೈಟ್ಸ್ ಮತ್ತು ಇರ್ಕಾನ್ ಮುಂದಾಳತ್ವದ ಒಕ್ಕೂಟಕ್ಕೆ. ಕೆಲಸ ತಡವಾಯಿತು ಎಂದು ಮೊಜಾಂಬಿಕ್ ಸರ್ಕಾರ ಕೊನೆಗೆ ಆ ಗುತ್ತಿಗೆಯನ್ನೇ ರದ್ದು ಮಾಡಿತು.

2011ರಲ್ಲಿ ರಿಯೋ ಟಿಂಟೋ ಅನ್ನುವ ದೈತ್ಯ ಕಂಪನಿ ಅಲ್ಲಿ ಗಣಿಗಳಿದ್ದ ರಿವರ್ಸ್‌ಡೇಲ್ ಕಂಪನಿಯನ್ನು ಸುಮಾರು 370 ಕೋಟಿ ಡಾಲರ್ ಕೊಟ್ಟು ಕೊಂಡಿತು. ರೈಲಿನಲ್ಲಿ ಜಾಗ ಸಾಲದಿದ್ದರೆ ಜಾಂಬೆಜಿ ನದಿಯಲ್ಲಿ ದೋಣಿಗಳ ಮೇಲೆ ಕಲ್ಲಿದ್ದಲು ಸಾಗಿಸುವುದು ಅದರ ಯೋಚನೆ. ಪರಿಸರದ ಕಾರಣಕ್ಕೆ ಸರ್ಕಾರ ಅದಕ್ಕೆ ಒಪ್ಪಲಿಲ್ಲ. 2013ರ ಜನವರಿಯಲ್ಲಿ ಕಂಪನಿ ಮೊಜಾಂಬಿಕ್ ಬಾಬ್ತಿನಲ್ಲೇ ಸುಮಾರು 300 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು, ಮುಖ್ಯಸ್ಥ ಟಾಮ್ ಆಲ್ಬನೀಸ್ ಕುರ್ಚಿ ಬಿಟ್ಟರು. ಮರುವರ್ಷ ಆ ಗಣಿಯನ್ನು ಭಾರತದ ಸರ್ಕಾರಿ ಕಂಪನಿಗಳ ಒಕ್ಕೂಟ ಐಸಿವಿಎಲ್ 5 ಕೋಟಿ ಡಾಲರಿಗೆ ಕೊಂಡಿತು. 370 ಎಲ್ಲಿ, 5 ಎಲ್ಲಿ! ಕಲ್ಲಿದ್ದಲು ನೆಲದಡಿ ಹಾಗೇ ಇತ್ತು. ಕಡಿಮೆ ಬಿದ್ದದ್ದು ಮುಖ್ಯವಾಗಿ ಸಮುದ್ರಕ್ಕೆ ದಾರಿ.

ಬ್ರೆಜಿಲ್‌ನ ವಾಲೆ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಪಕ್ಕದ ಮಲಾವಿ ದೇಶವನ್ನು ಹಾದು ನಕಾಲಾ ಎಂಬ ಆಳದ ಬಂದರಿಗೆ 912 ಕಿ.ಮೀ. ಮಾರ್ಗ ಸಿದ್ಧಪಡಿಸಿತು, ಅಲ್ಲೊಂದು ಕಲ್ಲಿದ್ದಲು ಟರ್ಮಿನಲ್ ಕಟ್ಟಿತು. ವರ್ಷಕ್ಕೆ 1.8 ಕೋಟಿ ಟನ್ ಸಾಗಿಸುವ ಗುರಿ. ನೂರಾರು ಕೋಟಿ ಡಾಲರ್ ಸುರಿದರು. ಕೊನೆಗೆ 2022ರಲ್ಲಿ ಗಣಿ, ರೈಲು ಎಲ್ಲ ಸೇರಿಸಿ 27 ಕೋಟಿ ಡಾಲರಿಗೆ ಜಿಂದಾಲ್ ಬಳಗದ ವಲ್ಕನ್ ಕಂಪನಿಗೆ ಮಾರಿ ಹೊರಟಿತು.

ದೊಡ್ಡ ಕಂಪನಿಗಳು ನಷ್ಟ ಬರೆದುಕೊಂಡು ಬೇರೆ ದೇಶಕ್ಕೆ ಹೋಗಬಹುದು. ಊರಿನವರು ಎಲ್ಲಿಗೆ ಹೋಗ್ತಾರೆ? ಮೊವಾಟಿಜೆ ಗಣಿಗಾಗಿ 1,300ಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಅದರಲ್ಲಿ ಕೃಷಿಕ ಕುಟುಂಬಗಳನ್ನು ಕಟೇಮೆ ಅನ್ನುವ ದೂರದ ಜಾಗಕ್ಕೆ ಕಳಿಸಿದರು. ಅಲ್ಲಿ ನೀರು ಸಾಲದು, ಭೂಮಿ ಸರಿ ಇಲ್ಲ, ಕಟ್ಟಿಕೊಟ್ಟ ಮನೆಗಳು ಬಿರುಕು ಬಿಟ್ಟವು. 2012ರ ಜನವರಿಯಲ್ಲಿ ಆ ಜನ ಕಲ್ಲಿದ್ದಲು ರೈಲಿನ ಹಳಿಗೆ ಅಡ್ಡ ಕೂತರು. ಅರ್ಜಿಗಳಿಗೆ ಕಿವಿಗೊಡದವರು ರೈಲು ನಿಂತಾಗ ಓಡಿ ಬಂದರು, ಪೊಲೀಸರೂ ಬಂದರು.

ಇಳಿಯುವ ತುದಿಯಲ್ಲೂ ಹಳಿಯೇ ಜಗಳ

ಹಳಿಯ ಮೇಲೆ ಕೂರುವ ಚಿತ್ರ ನಮಗೆ ಹೊಸದಲ್ಲ. ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಬ್ರಗಾಂಜಾ ಘಾಟಿ ಹತ್ತಿ ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುತ್ತದೆ. ಅಲ್ಲಿ ಏರು ನಮ್ಮ ಘಾಟಿಗಿಂತ ಕಡಿದು, 37ಕ್ಕೆ 1. ಹೊಸಪೇಟೆ-ವಾಸ್ಕೋ ಮಾರ್ಗವನ್ನು ಜೋಡಿ ಮಾಡಲು ಹೊರಟಾಗ, "ಇದು ನಮಗಲ್ಲ, ಕಲ್ಲಿದ್ದಲಿಗೆ" ಅಂತ ಗೋವಾದ ಜನ ಎದ್ದರು. 2020ರ ನವೆಂಬರ್ ಮೊದಲ ರಾತ್ರಿ ಚಾಂದೋರ್‌ನಲ್ಲಿ ಸಾವಿರಾರು ಜನ ಹಳಿಯ ಮೇಲೆ ಜಾಗರಣೆ ಕೂತರು. 2022ರ ಮೇನಲ್ಲಿ ಕ್ಯಾಸಲ್‌ರಾಕ್-ಕುಳೆಂ ನಡುವಿನ ಜೋಡಿ ಮಾರ್ಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಇಲ್ಲಿ ನಾವು ಕನ್ನಡಿಗರು ಒಂದು ಮುಜುಗರದ ಸತ್ಯ ಒಪ್ಪಿಕೊಳ್ಳಬೇಕು. ಗೋವಾದವರ ಮನೆ ಮೇಲೆ ಬೀಳುವ ಕಪ್ಪು ಧೂಳಿನ ವಿಳಾಸ ಕರ್ನಾಟಕದ್ದು. ಆ ಉಕ್ಕಿನ ಕೆಲಸ, ತೆರಿಗೆ ನಮ್ಮ ರಾಜ್ಯಕ್ಕೆ ಬರುತ್ತದೆ.

ಹಾಗಾದರೆ ರೈಲೇ ಬೇಡವಾ?

ಬೇಕು. ನಾನು ರೈಲಿನ ವಿರೋಧಿ ಅಲ್ಲ. ಒಂದು ರೇಕ್ ಕಲ್ಲಿದ್ದಲನ್ನು ಲಾರಿಗಳಲ್ಲಿ ಸಾಗಿಸಬೇಕಾದರೆ ನೂರೈವತ್ತಕ್ಕೂ ಹೆಚ್ಚು ಲಾರಿ ಬೇಕು. ಹಿರೀಸಾವೆಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಅದರಲ್ಲೂ ಮಳೆಗಾಲದ ಶಿರಾಡಿಯಲ್ಲಿ, ಅಷ್ಟು ಲಾರಿ ಹೆಚ್ಚುವರಿಯಾಗಿ ಇಳಿದರೆ ಏನಾಗುತ್ತದೆ ಅಂತ ನಮ್ಮ ಭಾಗದವರಿಗೆ ವಿವರಿಸಬೇಕಿಲ್ಲ. ಉಕ್ಕೂ ಬೇಕು. ಅದಿರಿನ ಆಸೆ ಇಲ್ಲದಿದ್ದರೆ ಘಾಟಿಯ ಬ್ರಾಡ್‌ಗೇಜ್ ಇನ್ನೂ ಎಷ್ಟು ವರ್ಷ ಕುಂಟುತ್ತಿತ್ತೋ. ನಮ್ಮ ಹಾಸನ-ಬೆಂಗಳೂರು ಮಾರ್ಗಕ್ಕೆ ಅಂಥ ದೊಡ್ಡ ಸರಕಿನ ಒತ್ತಡ ಇರಲಿಲ್ಲ. 1996ರ ಸುಮಾರಿಗೆ ಮಂಜೂರಾದದ್ದು ಪೂರ್ತಿಯಾಗಿ ತೆರೆದದ್ದು 2017ರ ಮಾರ್ಚ್‌ನಲ್ಲಿ. ನಾನು ಸ್ಕೂಲಿಗೆ ಹೋಗುವಾಗ ಬರುತ್ತೆ ಅಂದ ರೈಲನ್ನು ಕೆಲಸಕ್ಕೆ ಸೇರಿದ ಮೇಲೆ ಹತ್ತಿದೆ. ಸರಕಿನ ದುಡ್ಡು ಹಳಿ ತರುತ್ತದೆ, ಇದು ನಿಜ.

ಆದ್ದರಿಂದಲೇ ಷರತ್ತುಗಳ ಬಗ್ಗೆ ಮೊದಲೇ ಮಾತಾಡಬೇಕು. ಹಾಸನ-ಮಂಗಳೂರು ಜೋಡಿ ಮಾರ್ಗದ ಮಾತು ಆಗಾಗ ಏಳುತ್ತಲೇ ಇದೆ. ಅದು ನಿಜವಾಗಿ ಮೇಜಿನ ಮೇಲೆ ಬಂದ ದಿನ ನಮ್ಮ ಎಂಪಿ, ಎಮ್ಮೆಲ್ಲೆಗಳನ್ನು ಕೇಳಬೇಕಾದ ಪ್ರಶ್ನೆಗಳು ಇವು.

ಒಂದು, ಹೆಚ್ಚುವ ಸಾಮರ್ಥ್ಯದಲ್ಲಿ ಪ್ರಯಾಣಿಕರಿಗೆ ಎಷ್ಟು? "ಆಮೇಲೆ ನೋಡೋಣ" ಅನ್ನುವ ಉತ್ತರ ನಡೆಯುವುದಿಲ್ಲ. ದಿನಕ್ಕೆ ಇಷ್ಟು ರೈಲು ಅಂತ ಯೋಜನೆಯ ಕಾಗದದಲ್ಲೇ ಬರೆದಿರಬೇಕು.

ಎರಡು, ಸಣ್ಣ ಸರಕಿಗೆ ಬಾಗಿಲು ಎಲ್ಲಿ? ಗೂಡ್ಸ್ ಲೋಕದಲ್ಲಿ ವ್ಯವಹಾರ ರೇಕ್ ಲೆಕ್ಕದಲ್ಲಿ. ಒಂದೇ ಸಲಕ್ಕೆ ಮೂರೂವರೆ ಸಾವಿರ ಟನ್ ತಂದು ಸುರಿಯುವವನಿಗೆ ಮರ್ಯಾದೆ. ಚನ್ನರಾಯಪಟ್ಟಣದ ಕಾಯಿ, ಅರಸೀಕೆರೆ ಸೀಮೆಯ ಕೊಬ್ಬರಿ, ಹಾಸನದ ಆಲೂಗೆಡ್ಡೆ, ಸಕಲೇಶಪುರದ ಕಾಫಿ, ಇವನ್ನು ಒಟ್ಟುಗೂಡಿಸಿ, ದಾಸ್ತಾನು ಮಾಡಿ, ನಿಗದಿತ ದಿನ ಹೊರಡಿಸುವ ಶೆಡ್ಡು ಮತ್ತು ಗಾಡಿ ಇಲ್ಲದಿದ್ದರೆ ನಮ್ಮ ಊರಿನ ಪಾಲಿಗೆ ಹಳಿ ಬರೀ ಗೇಟಿನಲ್ಲಿ ಕಾಯುವ ಜಾಗ.

ಮೂರು, ಕಲ್ಲಿದ್ದಲು ನಿಂತರೆ? ಉಕ್ಕು ಮಾಡುವ ಬೇರೆ ವಿಧಾನಗಳು ಬರುತ್ತಿವೆ, ಕಲ್ಲಿದ್ದಲಿನ ಕಾಲ ಶಾಶ್ವತ ಅಲ್ಲ. ಇರಾನ್ ಹೋಯಿತು, ಅದಿರು ರಫ್ತು ನಿಂತಿತು, ವಾಲೆ ಮಾರಿಕೊಂಡು ಹೊರಟಿತು. ಇಪ್ಪತ್ತು ವರ್ಷದ ನಂತರ ಸಾಲ ತೀರಿಸುವವರು ಯಾರು ಅಂತ ಇವತ್ತೇ ಗೊತ್ತಿರಬೇಕು.

ನಾಲ್ಕು, ಗುಡ್ಡ ಎಷ್ಟು ತಡೆಯುತ್ತದೆ? 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಘಾಟಿಯ ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಇನ್ನೊಂದು ಹಳಿಗಾಗಿ ಅದೇ ಗುಡ್ಡವನ್ನು ಮತ್ತೆ ಕಡಿಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು.

ಈ ನಾಲ್ಕಕ್ಕೆ ಉತ್ತರ ಇದ್ದರೆ ಹಳಿ ಬರಲಿ, ನಾನೇ ಸ್ವಾಗತಿಸುತ್ತೇನೆ. ಉತ್ತರ ಇಲ್ಲದೆ "ಅಭಿವೃದ್ಧಿ" ಅಂದರೆ, ಅದು ಯಾರದ್ದೋ ಕೊಳವೆಗೆ ನಮ್ಮ ನೆಲದಲ್ಲಿ ಜಾಗ ಕೊಟ್ಟ ಹಾಗೆ ಅಷ್ಟೆ.

ಇದನ್ನೆಲ್ಲ ಬರೆದು ಮುಗಿಸಿ ಅಪ್ಪನಿಗೆ ಫೋನ್ ಮಾಡಿದೆ. ರೇಕ್ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಮೂರೂವರೆ ಸಾವಿರ ಟನ್ ಅಂದ್ರೆ ಇಡೀ ಹೋಬಳಿ ಕಾಯಿ ಒಂದೇ ಕಡೆ ತಂದು ಗುಡ್ಡೆ ಹಾಕ್ಬೇಕಲ್ಲೋ. ಅದ್ಕೆ ಒಂದು ಜಾಗ ಬ್ಯಾಡ್ವಾ? ಆ ಜಾಗ ಯಾರ್ ಮಾಡ್ಕೊಡ್ತಾರೆ?"

ಮುಂದಿನ ಸಲ ನಮ್ಮ ಜನಪ್ರತಿನಿಧಿಗಳು ಹಸಿರು ಬಾವುಟ ಹಿಡಿದು ಸ್ಟೇಷನ್ನಿಗೆ ಬಂದಾಗ ಕೇಳೋಣ.